ಕ್ಯಾರವಾನ್ ಆವ್ನಿಂಗ್ ಒಳಗೆ ನೆಲಕ್ಕೆ ಎಂತ ಹಾಸುವುದು? ಮುರ, ಹೊಯಿಗೆ, ಲಾನ್ ಮೂರಕ್ಕೂ ಆಗುವಂಥದ್ದು ಬೇಕು

ಪದವುಸಂಚಾರಿ

ಟ್ರಾವೆಲರ್ ಗಾಡಿಯನ್ನು ಕ್ಯಾರವಾನ್ ಮಾಡಿಸಿದ್ದು. ಎಡಬದಿಗೆ ಬಿಚ್ಚುವ ಆವ್ನಿಂಗ್, ಅಂದರೆ ಬಟ್ಟೆಯ ಚಪ್ಪರ, ಉಂಟು. ಗಾಡಿಯ ಉದ್ದಕ್ಕೆ 3 ಮೀಟರ್, ಹೊರಕ್ಕೆ 2.5 ಮೀಟರ್. ಮೂರು ಬದಿಗೂ ಜಿಪ್ ಹಾಕಿ ಕೂರಿಸುವ ಗೋಡೆಬಟ್ಟೆ ಕೊಟ್ಟಿದ್ದಾರೆ, ಹಾಕಿದರೆ ಪೂರ್ತಿ ಒಂದು ಕೋಣೆಯೇ ಆಗ್ತದೆ. ನೆಲಹಾಸು ಮಾತ್ರ ಕೊಟ್ಟಿಲ್ಲ.

ನಿಲ್ಲಿಸುವ ಜಾಗ ಮೂರು ತರದ್ದು. ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪದವು, ಅಂದರೆ ಗುಡ್ಡದ ಮೇಲಿನ ಬೋಳು ಬಯಲು. ಕುಂಬಳೆಯಿಂದ ಬೇಕಲದವರೆಗೆ ಕಡಲ ಬದಿಯ ತೆಂಗಿನ ತೋಟಗಳ ಹೊಯಿಗೆ (ಮರಳು). ಮತ್ತೆ ಹೋಂಸ್ಟೇಯವರ ಲಾನ್. ತಿರುಗಾಟ ಅಕ್ಟೋಬರಿನಿಂದ ಮೇ ವರೆಗೆ, ಹಾಗಾಗಿ ತುಲಾ ತಿಂಗಳ ಗುಡುಗು ಮಳೆ ಸಿಕ್ಕೇ ಸಿಗ್ತದೆ. ನೆಲದಲ್ಲಿ ಕೂತು ಊಟ ಮಾಡುವವರಿದ್ದಾರೆ, ಅಂಬೆಗಾಲಿಡುವ ಮಗುವೂ ಉಂಟು.

ಒಬ್ಬರು ಟಾರ್ಪಾಲು ಸಾಕು ಅಂತಾರೆ, ಇನ್ನೊಬ್ಬರು ಹಟ್ಟಿಗೆ ಹಾಕುವ ರಬ್ಬರ್ ಮ್ಯಾಟ್ ಅಂತಾರೆ. ಆನ್‌ಲೈನಿನಲ್ಲಿ ಫೋಮ್ ಟೈಲ್ಸ್ ಚಂದ ಕಾಣ್ತದೆ. ಗೊತ್ತಿದ್ದವರು ಕಾರಣ ಸಮೇತ ಹೇಳಿ.

ಹಾರೆಪಿಕ್ಕಾಸು

ಟಾರ್ಪಾಲು ಬೇಡ. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ನಿಮ್ಮ ಆವ್ನಿಂಗ್ 7.5 ಚದರ ಮೀಟರ್. ಒಂದು ಮಿ.ಮೀ. ಮಳೆ ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಸಂಜೆ 50 ಮಿ.ಮೀ. ಹೊಡೆದರೆ 375 ಲೀಟರ್, ಅಷ್ಟೂ ಆವ್ನಿಂಗಿನ ಅಂಚಿನಿಂದ ನಿಮ್ಮ ನೆಲಹಾಸಿನ ಪಕ್ಕಕ್ಕೇ ಬೀಳ್ತದೆ. ಟಾರ್ಪಾಲಿನ ಅಂಚು ಆ ಹನಿ ಬೀಳುವ ಗೆರೆಯಿಂದ ನಾಲ್ಕು ಬೆರಳು ಹೊರಗೆ ಉಳಿದರೂ ನೀರು ಅದರ ಮೇಲೆ ಹತ್ತಿ ಒಳಗೆ ಬರ್ತದೆ. ಬಂದದ್ದಕ್ಕೆ ಇಳಿದು ಹೋಗಲು ದಾರಿ ಇಲ್ಲ. ಮಳೆ ಇಲ್ಲದಿದ್ದರೂ ನೆಲದ ಪಸೆ ಅಡಿಯಲ್ಲೇ ಕಟ್ಟಿಕೊಂಡು ಬೆಳಗ್ಗೆ ಮಡಚುವಾಗ ಅಡಿಭಾಗ ಪೂರ್ತಿ ಕೆಸರು.

ನಮ್ಮ ಕಡೆಗೆ ನೀರು ಕೆಳಗೆ ಬಿಡುವ ಹಾಸೇ ಆಗಬೇಕು. ಅಂಥದ್ದು ಕೈಗೆಟುಕುವ ಹಾಗೆ ಇರುವುದು ಮೂರು.

ಮೊದಲನೆಯದು ತೋಟಕ್ಕೆ ಹಾಕುವ ವೀಡ್ ಮ್ಯಾಟ್, ಕೃಷಿ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. 100ರಿಂದ 130 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ತಗೊಳ್ಳಿ. ನಿಮ್ಮ ಅಳತೆಗೆ ಒಂದು ಕಿಲೋದ ಒಳಗೇ ಮುಗೀತದೆ, ಮಡಚಿದರೆ ಸೀಟಿನ ಅಡಿಗೆ ಹೋಗ್ತದೆ. ಇದರ ತೊಂದರೆ ಎರಡು. ಪಟ್ಟಿ ನೇಯ್ದದ್ದಾದ್ದರಿಂದ ಕತ್ತರಿಯಲ್ಲಿ ಕತ್ತರಿಸಿದ ಅಂಚು ಎಳೆ ಎಳೆಯಾಗಿ ಬಿಚ್ಚಿಕೊಳ್ತದೆ, ಹಾಗಾಗಿ ಕಾಯಿಸಿದ ಕತ್ತಿಯಲ್ಲಿ ಅಥವಾ ಸೋಲ್ಡರಿಂಗ್ ಕಡ್ಡಿಯಲ್ಲಿ ಕರಗಿಸುತ್ತಾ ಕತ್ತರಿಸಬೇಕು. ಇನ್ನೊಂದು, ಒದ್ದೆಯಾದರೆ ಕಾಲು ಜಾರ್ತದೆ.

ಎರಡನೆಯದು ಹಸಿರು ಶೇಡ್ ನೆಟ್, 90 ಪರ್ಸೆಂಟ್ ಬಿಸಿಲು ತಡೆಯುವಂಥದ್ದು. 3 ಮೀಟರ್ ಅಗಲದ ರೋಲ್ ಸಾಧಾರಣ ಎಲ್ಲ ಕಡೆ ಸಿಗ್ತದೆ, ಜೋಡಣೆ ಇಲ್ಲದೆ ನಿಮಗೆ ಒಂದೇ ತುಂಡಿನಲ್ಲಿ ಆಗ್ತದೆ. ಅದು ಹೆಣಿಗೆ, ನೇಯ್ಗೆ ಅಲ್ಲ. ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ನೀರು ಕೂಡಲೇ ಇಳೀತದೆ. ಒಂದೇ ಪದರ ಹಾಸಿದರೆ ಕುರ್ಚಿಯ ಕಾಲಿಗೆ ಹರೀತದೆ, ಎರಡು ಪದರ ಮಡಚಿ ಸುತ್ತ ಹೊಲಿಗೆ ಹಾಕಿಸಿದರೆ ಗಟ್ಟಿ.

ಮೂರನೆಯದು ತೂತು ತೂತಾಗಿರುವ ಮೆತ್ತನೆಯ ಪಿವಿಸಿ ಫೋಮ್ ಹಾಸು, ವಿದೇಶದ ಕ್ಯಾರವಾನಿನವರು ಅನೆಕ್ಸಿಗೆ (ಗೋಡೆಬಟ್ಟೆ ಹಾಕಿದ ಆವ್ನಿಂಗ್ ಕೋಣೆಗೆ) ಹಾಕುವುದು ಇದನ್ನೇ. ಬರಿಗಾಲಿಗೆ, ಮಗುವಿನ ಮಂಡಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಬಿಸಿಲಿನಲ್ಲಿ ವರ್ಷಗಟ್ಟಲೆ ಬಿಟ್ಟರೆ ಗಡುಸಾಗಿ ಬಿರಿಯುತ್ತದೆ. ಮಡಚಬಾರದು, ಸುರುಳಿ ಸುತ್ತಿಯೇ ಇಡಬೇಕು. ಮಡಚಿದ ಗೆರೆಯಲ್ಲೇ ಮೊದಲು ತುಂಡಾಗುವುದು.

ನನ್ನ ಆಯ್ಕೆ: ಶೇಡ್ ನೆಟ್ ಎರಡು ಪದರ ಪೂರ್ತಿ ಜಾಗಕ್ಕೆ, ಅದರ ಮೇಲೆ ಕೂರುವ ಕಡೆ ಮಾತ್ರ ಮದುವೆ ಮನೆಯಲ್ಲಿ ಹಾಸುವಂಥ 6×4 ಅಡಿಯ ಪ್ಲಾಸ್ಟಿಕ್ ಚಾಪೆ. ಊಟ ಆದ ಮೇಲೆ ಚಾಪೆ ಎತ್ತಿ ಕೊಡವಿದರೆ ಮುಗಿಯಿತು.

ಹಟ್ಟಿಯ ರಬ್ಬರ್ ಮ್ಯಾಟ್ ಬಗ್ಗೆ ಹೇಳಿದವರು ಅದನ್ನು ಎತ್ತಿ ನೋಡಿದವರಲ್ಲ ಅಂತ ಕಾಣ್ತದೆ. 7×4 ಅಡಿಯ, 17 ಮಿ.ಮೀ. ದಪ್ಪದ್ದು ಒಂದಕ್ಕೇ 50 ಕಿಲೋ ಆಚೀಚೆ ಬರ್ತದೆ. ನಿಮ್ಮ ಜಾಗಕ್ಕೆ ಮೂರು ಬೇಕು. ಫೋಮ್ ಟೈಲ್ಸ್ ಮನೆಯ ಒಳಗೆ ಆಗಬಹುದು. ಹೊರಗೆ ಜೋಡಣೆಯ ಸಂದಿಯಲ್ಲಿ ನೀರು ಇಳಿದು ಅಡಿಯಲ್ಲಿ ನಿಲ್ತದೆ, ಇರುವೆ ಸೇರ್ತದೆ, ಗಾಳಿಗೆ ಒಂದೊಂದೇ ಎದ್ದು ಹೋಗ್ತದೆ.

ನಾರುಹಗ್ಗ

ತೆಂಗಿನ ನಾಡಿನಲ್ಲಿ ಕೂತು ಎಲ್ಲರೂ ಪ್ಲಾಸ್ಟಿಕ್ಕೇ ಹೇಳ್ತೀರಲ್ಲ ಮಾರಾಯ್ರೆ! ಗುಡ್ಡ ಜರಿಯದ ಹಾಗೆ ಹಾಸುವ ನಾರಿನ ಬಲೆ, ಕಯರ್ ಭೂವಸ್ತ್ರ, 400, 700, 900 ಜಿಎಸ್‌ಎಂನಲ್ಲಿ ಸಿಗ್ತದೆ. 700ರದ್ದು ಹಾಸಿದರೆ ಕಾಲು ಜಾರುವ ಮಾತೇ ಇಲ್ಲ.

ಹಾರೆಪಿಕ್ಕಾಸು

ಅಣ್ಣ, ಜಾರದಿರುವುದು ಹೌದು. ಆದರೆ ಅದರ ಕಣ್ಣು ದೊಡ್ಡದು, ಕುರ್ಚಿಯ ಕಾಲು, ಮಗುವಿನ ಬೆರಳು ಎರಡೂ ಸಿಕ್ಕಿಹಾಕಿಕೊಳ್ತದೆ. ನೀರು ಕುಡಿದರೆ ಭಾರ, ಒಣಗಲು ಒಂದು ಪೂರ್ತಿ ಬಿಸಿಲು ಬೇಕು, ಒದ್ದೆಯಲ್ಲೇ ಸುತ್ತಿ ಗಾಡಿಯೊಳಗೆ ಇಟ್ಟರೆ ಬೂಷ್ಟು. ಪದವಿನಲ್ಲಿ ನಾಲ್ಕು ದಿನ ಬಿಟ್ಟರೆ ಒರಲೆ (ಗೆದ್ದಲು) ಹತ್ತಲೂಬಹುದು. ಅದನ್ನು ಮಾಡಿದ್ದೇ ಮಣ್ಣಿಗೆ ಸೇರಿ ಹೋಗಲಿ ಅಂತ.

ಮೆಟ್ಟಿಲಿನ ಬುಡಕ್ಕೆ 2×3 ಅಡಿಯ ನಾರಿನ ಕಾಲೊರಸು ಒಂದು ಹಾಕಿ, ಅಲ್ಲಿ ಅದಕ್ಕೆ ಸಾಟಿ ಬೇರೆ ಇಲ್ಲ. ಒಳಗೆ ಬರುವ ಮಣ್ಣು ಮುಕ್ಕಾಲು ಅಲ್ಲೇ ನಿಲ್ತದೆ.

ಚಂದ್ರಗಿರಿಬದಿ

ಯಾವ ಹಾಸು ಅನ್ನುವುದಕ್ಕಿಂತ ಅಳತೆ ಮತ್ತು ಹಾಸುವ ರೀತಿಯಲ್ಲೇ ಹೆಚ್ಚಿನವರು ಸೋಲುವುದು. ಅದನ್ನು ಬಿಡಿಸಿ ಬರೆಯುತ್ತೇನೆ.

ಆವ್ನಿಂಗ್ 3×2.5 ಇದ್ದರೆ ಹಾಸು 3×2.5 ತರಬಾರದು. ಗಾಡಿಯ ಬದಿ ಬಿಟ್ಟು ಉಳಿದ ಮೂರು ಬದಿಗೂ 15 ಸೆಂ.ಮೀ. ಒಳಗೆ ಇರಬೇಕು. ಅಂದರೆ 2.7 ಮೀಟರ್ ಉದ್ದ, 2.35 ಮೀಟರ್ ಅಗಲ. ಅಂಚನ್ನು ಎರಡು ಇಂಚು ಮಡಚಿ ಹೊಲಿಯುವುದಿದ್ದರೆ ಆ ಬಟ್ಟೆಯನ್ನು ಇದಕ್ಕೆ ಸೇರಿಸಿ ಕತ್ತರಿಸಿ. ಮಡಚಿದ ಜಾಗದಲ್ಲಿ 50ರಿಂದ 60 ಸೆಂ.ಮೀ.ಗೆ ಒಂದರಂತೆ ಹಿತ್ತಾಳೆಯ ಐಲೆಟ್ (ಗೂಟ ತೂರಿಸುವ ತೂತಿನ ಬಳೆ) ಹೊಡೆಸಿ. ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ ಎರಡೂ ಕೆಲಸ ಒಟ್ಟಿಗೆ ಆಗ್ತದೆ. ಕಬ್ಬಿಣದ ಐಲೆಟ್ ಕಡಲ ಗಾಳಿಗೆ ಬೇಗ ತುಕ್ಕು ಹಿಡಿದು ಬಟ್ಟೆಯನ್ನೂ ತಿನ್ನುತ್ತದೆ.

ಗೋಡೆಬಟ್ಟೆಯ ಬುಡದಲ್ಲಿ ಒಂದು ಗೇಣು ಅಗಲದ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದನ್ನು ಒಳಕ್ಕೆ ಮಡಚಿ, ಅದರ ಮೇಲೆ ನೆಲಹಾಸು ಬರಬೇಕು. ಆಗ ಪಟ್ಟಿಯ ಅಡಿಯಿಂದ ನುಸುಳಿದ ನೀರು ಹಾಸಿನ ಅಡಿಗೇ ಹೋಗಿ ಇಂಗುತ್ತದೆ. ಹಾಸಿನ ಮೇಲೆ ಪಟ್ಟಿ ಬಿದ್ದಿದ್ದರೆ ಅದೇ ನೀರು ಹಾಸಿನ ಮೇಲೆ ಹರಿಯುತ್ತದೆ.

ಆವ್ನಿಂಗಿನ ಹೊರಗಿನ ಎರಡು ಕಾಲು ಸಮ ಎತ್ತರಕ್ಕೆ ಇಡಬೇಡಿ. ಒಂದನ್ನು 15–20 ಸೆಂ.ಮೀ. ತಗ್ಗಿಸಿ. 375 ಲೀಟರ್ ನೀರೂ ಒಂದೇ ಮೂಲೆಯಲ್ಲಿ ಬೀಳಲಿ. ಆ ಮೂಲೆ ಇಳಿಜಾರಿನ ಕಡೆಗಿರಬೇಕು, ಬಾಗಿಲಿನ ಕಡೆಗಲ್ಲ. ಮಣ್ಣಿನ ಜಾಗವಾದರೆ, ಜಾಗದವರು ಒಪ್ಪಿದರೆ, ಅಲ್ಲಿಂದ ಆಚೆಗೆ ನಾಲ್ಕು ಇಂಚು ಆಳದ ಕಣಿ (ಸಣ್ಣ ಚರಂಡಿ) ತೆಗೆದು ಹೊರಡುವಾಗ ಮುಚ್ಚಿ.

ಹೊಯಿಗೆಯಲ್ಲಿ ಗೂಟ ಹೊಡೆದು ಪ್ರಯೋಜನವಿಲ್ಲ, ಕೈಯಲ್ಲಿ ಎಳೆದರೆ ಬರುತ್ತದೆ. ಹಾಸಿನ ಅಂಚನ್ನು ಒಂದು ಗೇಣು ಆಳಕ್ಕೆ ಹೂತು ಮೇಲೆ ಹೊಯಿಗೆ ಎಳೆದು ಮೆಟ್ಟಿದರೆ ಸಾಕು, ಅದಕ್ಕಾಗಿ ಹೊಯಿಗೆಯ ಜಾಗಕ್ಕೆ ಆ ಬದಿ ಸ್ವಲ್ಪ ಉದ್ದ ಇಟ್ಟುಕೊಳ್ಳುವುದೂ ಉಂಟು. ಆವ್ನಿಂಗಿನ ಹಗ್ಗಕ್ಕೆ ಸಿಮೆಂಟಿನ ಖಾಲಿ ಚೀಲಕ್ಕೆ ಹೊಯಿಗೆ ತುಂಬಿ, ಬಾಯಿ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಅಡ್ಡ ಹೂಳಿ. ಹಗ್ಗವನ್ನು ಚೀಲದ ನಡುವಿಗೆ ಕಟ್ಟಬೇಕು, ಬಾಯಿಗೆ ಕಟ್ಟಿದರೆ ಚೀಲ ನೆಟ್ಟಗೆ ತಿರುಗಿ ಮೇಲೆ ಬರುತ್ತದೆ. ಸಂಜೆ ಕಡಲ ಗಾಳಿ ಬೀಸುವ ಹೊತ್ತಿಗೆ ಪಶ್ಚಿಮದ ಗೋಡೆಬಟ್ಟೆ ಬಿಚ್ಚಿ ಸುತ್ತಿಡುವುದು ಇನ್ನೂ ಕ್ಷೇಮ. ಮತ್ತೆ, ಇದು ನೆಲಹಾಸಿಗೆ ಸಂಬಂಧಪಟ್ಟದ್ದಲ್ಲ, ಆದರೂ: ತೆಂಗಿನ ಮರದ ನೇರ ಕೆಳಗೆ ಆವ್ನಿಂಗ್ ಬಿಚ್ಚಬೇಡಿ. ಹಾಸು ಎಷ್ಟು ಒಳ್ಳೆಯದಾದರೂ ಮೇಲಿನಿಂದ ಬರುವ ಕಾಯಿಗೆ ಮದ್ದಿಲ್ಲ.

ಹಾರೆಪಿಕ್ಕಾಸು

ಮುರದ ಬಗ್ಗೆ ನಾನು ಸೇರಿಸ್ತೇನೆ. ಗಾಡಿಯ ಜೊತೆ ಕೊಡುವ ತೆಳು ಗೂಟ ಮುರಕ್ಕೆ ತಾಗಿದ ಕೂಡಲೇ ಬಗ್ಗುತ್ತದೆ. ಕಬ್ಬಿಣದ ಅಂಗಡಿಯಲ್ಲಿ 12 ಮಿ.ಮೀ. ಸರಳನ್ನು ಒಂದೊಂದು ಅಡಿಗೆ ತುಂಡು ಮಾಡಿಸಿ, ಒಂದು ತುದಿ ಚೂಪು, ಇನ್ನೊಂದು ತುದಿಗೆ ಎರಡು ಇಂಚಿನ ವಾಷರ್ ವೆಲ್ಡ್ ಮಾಡಿಸಿ. ಹಾಸಿಗೆ ಎಂಟು, ಹಗ್ಗಗಳಿಗೆ ಆರು, ಒಟ್ಟು ಹದಿನಾಲ್ಕು ಸಾಕು. ಮೊದಲು ಹಾರೆಯಲ್ಲಿ ಗುಂಡಿ ಮಾಡಿ, ಆಮೇಲೆ ಸರಳು ಇಳಿಸಿ. ಹಾರೆಯೂ ಇಳಿಯದ ಪಾದೆಯಾದರೆ 20 ಲೀಟರಿನ ನೀರಿನ ಕ್ಯಾನ್ ತುಂಬಿ ಮೂಲೆಗೊಂದು ಇಡುವುದೇ ದಾರಿ. ಅಲ್ಲಿ ಗಾಳಿ ಎದ್ದರೆ ಆವ್ನಿಂಗ್ ಸುತ್ತಿಬಿಡಿ, 20 ಕಿಲೋ ತೂಕ ಅದನ್ನು ಹಿಡಿಯುವುದಿಲ್ಲ.

ಮುರದ ಮೇಲ್ಮೈ ಉರುಟು. ತೆಳು ಹಾಸು ನೇರವಾಗಿ ಹಾಕಿದರೆ ಕಲ್ಲಿನ ಮೊನೆಗೆ ತಿಕ್ಕಿ ತಿಕ್ಕಿ ತೂತು ಬೀಳ್ತದೆ. ಮೊದಲು ಹಿಡಿಸೂಡಿಯಲ್ಲಿ ಸಣ್ಣ ಕಲ್ಲು ಗುಡಿಸಿ ತೆಗೆಯಿರಿ. ಹಳೆಯ ವೀಡ್ ಮ್ಯಾಟ್ ಇದ್ದರೆ ಅಡಿಗೆ ಹಾಕಿ. ಬಣ್ಣ ಕಂದು ಅಥವಾ ಕಡು ಹಸಿರು ನೋಡಿ. ತಿಳಿ ಬಣ್ಣಕ್ಕೆ ಹತ್ತಿದ ಕೆಂಪು ಬಿಡುವುದಿಲ್ಲ, ಕಪ್ಪು ಮಧ್ಯಾಹ್ನ ಬರಿಗಾಲು ಇಡಲು ಬಿಡುವುದಿಲ್ಲ.

ಪದವುಸಂಚಾರಿ

ತುಂಬ ಉಪಕಾರ. ಎರಡು ಸಂಶಯ. ರಾತ್ರಿ ಇಬ್ಬರು ಅನೆಕ್ಸಿನಲ್ಲೇ ಮಲಗುವುದಾದರೂ ಈ ಬಲೆಯೇ ಸಾಕಾ? ಮತ್ತೆ ಲಾನ್ ಇರುವಲ್ಲಿ ಜಾಗದವರು ಹುಲ್ಲು ಹಾಳಾಗ್ತದೆ ಅಂತ ಬೇಡ ಅಂತಾರೆ.

ಲಾನ್ಮೇಸ್ತ್ರಿ

ಹುಲ್ಲಿನ ವಿಷಯ ನಾನು ಹೇಳ್ತೇನೆ. ಹುಲ್ಲಿಗೆ ಬೇಕಾದದ್ದು ಬೆಳಕು ಮತ್ತು ಗಾಳಿ. ಟಾರ್ಪಾಲು ಹಾಕಿ ಮೇಲೆ ಬಿಸಿಲು ಬಿದ್ದರೆ ಅಡಿಯಲ್ಲಿ ಹಬೆ ಕಟ್ಟಿ ಒಂದೇ ಹಗಲಲ್ಲಿ ಬೇಯಬಹುದು. ನೆಟ್ ಆದರೆ ಎರಡು ಮೂರು ದಿನಕ್ಕೆ ಏನೂ ಆಗುವುದಿಲ್ಲ, ಆಮೇಲೆ ಹಳದಿ ತಿರುಗಲು ಶುರು. ಆದ್ದರಿಂದ ದಿನ ಬಿಟ್ಟು ದಿನ, ಇಬ್ಬನಿ ಆರಿದ ಮೇಲೆ, ಹಾಸು ಎತ್ತಿ ಒಂದೆರಡು ಗಂಟೆ ಬಿಡಬೇಕು. ಲಾನಿಗೆ ಎರಡು ಪದರ ಬೇಡ, ಒಂದು ಪದರವೇ ಹಾಕಿ. ಹುಲ್ಲೇ ಮೆತ್ತೆ, ಹರಿಯುವ ಭಯ ಕಡಿಮೆ. ಕಣಿ ತೆಗೆಯುವ ಮಾತು ಎತ್ತಬೇಡಿ, ಜಾಗದವರು ಗೇಟು ತೋರಿಸ್ತಾರೆ.

ಪ್ಲಾಸ್ಟಿಕ್ ಇಂಟರ್‌ಲಾಕ್ ಟೈಲ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಅಡಿಗೆ ಅಡಿಯ ಜಾಲರಿ ಟೈಲ್ ಸಿಮೆಂಟು ಅಂಗಳಕ್ಕೆ ಒಳ್ಳೆಯದು, ನೀರು ಅಡಿಯಲ್ಲಿ ಹರಿದು ಹೋಗ್ತದೆ. ಆದರೆ ಪೂರ್ತಿ ಜಾಗಕ್ಕೆ 84ರಷ್ಟು ಬೇಕು, ಹೊಯಿಗೆಯಲ್ಲಿ ಒಂದೊಂದು ಒಂದೊಂದು ಕಡೆ ವಾಲ್ತದೆ, ಹುಲ್ಲಿನಲ್ಲಿ ಚೌಕ ಚೌಕ ಗುರುತು. ನಿಮಗಲ್ಲ.

ಚಂದ್ರಗಿರಿಬದಿ

ಮಲಗುವ ಜಾಗಕ್ಕೆ ಮಾತ್ರ ಬೇರೆ ಲೆಕ್ಕ. ಅಲ್ಲಿ ಪಸೆ ಮೇಲೆ ಬರಬಾರದು, ಹಾಗಾಗಿ ನೀರು ಬಿಡದ ಹಾಳೆಯೇ ಬೇಕು, ಆದರೆ ಮಲಗುವಷ್ಟಕ್ಕೆ ಮಾತ್ರ. 200 ಜಿಎಸ್‌ಎಂ ಸಿಲ್ಪಾಲಿನ್ 8×6 ಅಡಿ ತಗೊಂಡು ನಾಲ್ಕು ಬದಿಯನ್ನೂ ಅರ್ಧ ಅಡಿ ಮೇಲಕ್ಕೆ ಎತ್ತಿ ಮೂಲೆಗಳನ್ನು ಕ್ಲಿಪ್ಪಿನಲ್ಲಿ ಹಿಡಿಸಿ. ಒಳಗೆ 7×5 ಉಳಿಯುತ್ತದೆ, ಇಬ್ಬರಿಗೆ ಹಾಸಿಗೆ ಹಾಕಬಹುದು. ಮೂಲೆ ಕತ್ತರಿಸಬಾರದು, ಮಡಚಬೇಕು. ಇದು ನೆಟ್ಟಿನ ಮೇಲೆ ಬರಬೇಕು, ಗಾಡಿಗೆ ತಾಗಿದ ಬದಿಯಲ್ಲಿ. ಹನಿ ಬೀಳುವ ಗೆರೆಯಿಂದ ಅತಿ ದೂರ ಅದೇ. ಜೋರು ಮಳೆಯ ಸೂಚನೆ ಇದ್ದರೆ ಮಡಚುವ ಮಂಚವೇ ಲೇಸು, ಕಾಲುಗಳ ಅಡಿಗೆ ಮರದ ತುಂಡು ಇಡಿ.

ಒಲೆಯ ವಿಷಯದಲ್ಲಿ ಜಾಗ್ರತೆ. ಚಾಪೆ, ವೀಡ್ ಮ್ಯಾಟ್ ಎರಡೂ ಪಾಲಿಪ್ರೊಪಿಲೀನ್, 160 ಡಿಗ್ರಿ ಆಚೀಚೆ ಕರಗುತ್ತದೆ. ಶೇಡ್ ನೆಟ್ ಅದಕ್ಕಿಂತ ಮೊದಲೇ. ಎರಡಡಿಯ ಕಡಪ ಕಲ್ಲೋ ಸಿಮೆಂಟ್ ಶೀಟಿನ ತುಂಡೋ ಹಾಕಿ ಅದರ ಮೇಲೆ ಒಲೆ ಇಡಿ. ಗೋಡೆಬಟ್ಟೆ ಮೂರೂ ಮುಚ್ಚಿಕೊಂಡು ಒಳಗೆ ಗ್ಯಾಸಾಗಲಿ ಇದ್ದಿಲಾಗಲಿ ಉರಿಸಲೇಬಾರದು. ಮೂಗಿಗೆ ಗೊತ್ತಾಗದ ವಿಷಗಾಳಿ ತುಂಬುತ್ತದೆ. ಕರೆಂಟಿನ ವಯರು ಒದ್ದೆ ಹಾಸಿನ ಮೇಲೆ ಎಳೆಯದೆ ಆವ್ನಿಂಗಿನ ಕಂಬಿಗೆ ಕಟ್ಟಿ ಮೇಲಿನಿಂದ ತನ್ನಿ. ಜಾಗದವರ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಉಂಟಾ ಅಂತ ಕೇಳಿ, ಇಲ್ಲದಿದ್ದರೆ ಮಳೆ ದಿನ ಹೊರಗೆ ಪ್ಲಗ್ ಹಾಕಬೇಡಿ.

ನಾರುಹಗ್ಗ

ರಾಣಿಪುರಂ ಗುಡ್ಡದ ಕಡೆ ಹೋಗುವ ಯೋಚನೆ ಇದ್ದರೆ ಹೇಳಿಬಿಡ್ತೇನೆ, ಮಳೆ ಬಿದ್ದ ವಾರ ಯಾವ ಹಾಸೂ ಜಿಗಣೆಯನ್ನು ತಡೆಯುವುದಿಲ್ಲ. ಅಂಚಿಗೆ ಉಪ್ಪು ಹಾಕಿದರೂ ಒಂದು ಮಳೆಗೆ ತೊಳೆದು ಹೋಗ್ತದೆ. ಅಲ್ಲಿ ನೆಲದಲ್ಲಿ ಕೂರುವುದೇ ಬೇಡ, ಕುರ್ಚಿ ಹಾಕಿ.

ಹಾರೆಪಿಕ್ಕಾಸು

ಬಿಚ್ಚುವ ಕ್ರಮವನ್ನೂ ಹೇಳಿ ಬಿಡ್ತೇನೆ. ಹಾಸನ್ನು ಒಮ್ಮೆಗೇ ಕೈ ಹಾಕಿ ಎಳೆಯಬೇಡಿ. ಮೊದಲು ಗೂಟ ಕೀಳಿ, ಒಂದು ಕೋಲಿನಲ್ಲಿ ಅಂಚು ಎತ್ತಿ ಎರಡು ನಿಮಿಷ ಬಿಡಿ. ಮುರದ ಸಂದಿಯಿಂದ ಚೇಳು ತಂಪಿಗೆ ಬಂದು ಕೂತಿರ್ತದೆ. ಕೆಂಪು ಕೆಸರು ಹತ್ತಿದ್ದರೆ ಹಸಿಯಲ್ಲಿ ಉಜ್ಜಿದಷ್ಟೂ ನೂಲಿನೊಳಗೆ ಇಳೀತದೆ. ಒಣಗಲು ಬಿಟ್ಟು ಹಿಡಿಸೂಡಿಯಲ್ಲಿ ಬಡಿದು, ಆಮೇಲೆ ನೀರು ಹೊಡೆಯಿರಿ. ಹೊಯಿಗೆಯಾದರೆ ಹಗ್ಗದ ಮೇಲೆ ಹಾಕಿ ಕೊಡವಿದರೆ ಮುಗಿಯಿತು, ಕಡಲ ಬದಿಯದ್ದಾದರೆ ಐಲೆಟಿಗೆ ಮಾತ್ರ ಸಿಹಿ ನೀರು. ಹೊರಡುವಾಗ ಒಣಗದೆ ಇದ್ದರೆ ಸುತ್ತಿ ಗೋಣಿಯಲ್ಲಿ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಮತ್ತೆ ಮನೆ ಮುಟ್ಟಿದ ಕೂಡಲೇ ಅಂಗಳಕ್ಕೆ.