ಹಳೇ ಶಿಶುಗೀತೆ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸೋದು ಹೇಗೆ?

ಕಡಲತಡಿ: ಎಂಬತ್ತು-ತೊಂಬತ್ತರ ದಶಕದ ಶಿಶುಗೀತೆ, ಮಕ್ಕಳ ನಾಟಕದ ಕ್ಯಾಸೆಟ್‌ಗಳಿವೆ, ಹೆಚ್ಚಿನವು ಸಿ-60 (ಎರಡೂ ಬದಿ ಸೇರಿ 60 ನಿಮಿಷ). ಟೇಪ್‌ರೆಕಾರ್ಡರ್ ಓಡುತ್ತೆ, ಆದರೆ ದನಿ ತೀರಾ ಮಬ್ಬು. ಹೆಡ್‌ಫೋನ್ ಜಾಕ್‌ನಿಂದ ಲ್ಯಾಪ್‌ಟಾಪ್‌ನ ಮೈಕ್ ಜಾಕ್‌ಗೆ ವೈರ್ ಕೊಟ್ಟರೆ ಬರೀ ಕರಕರ. ಏನು ಮಾಡಬೇಕು? ಆಮೇಲೆ ಯೂಟ್ಯೂಬ್‌ಗೆ ಹಾಕಬಹುದಾ?

ಟೇಪ್‌ಡೆಕ್: ಸುರುಳಿಯ ಅಂಚಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಆ ಕ್ಯಾಸೆಟ್ ಹಾಕಲೇಬೇಡಿ, ಹೆಡ್‌ಗೆ (ಟೇಪ್ ಉಜ್ಜಿಕೊಂಡು ಹೋಗುವ, ದನಿ ಓದುವ ಲೋಹದ ಭಾಗ) ಹಿಡಿದು ಮಿಕ್ಕವಕ್ಕೂ ಅಂಟುತ್ತೆ. ಉಳಿದವನ್ನು ಒಮ್ಮೆ ಕೊನೇವರೆಗೂ ಸುತ್ತಿ, ವಾಪಸ್ ಸುತ್ತಿ. ಅಂಟಿಕೊಂಡ ಪದರ ಬಿಡುತ್ತೆ.

ಮಬ್ಬಿಗೆ ಮೂರು ಕಾರಣ. ಒಂದು, ಹೆಡ್ ಮೇಲಿನ ಕಂದು ಕೊಳೆ: ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಎರಡು, ಟೇಪಿನ ಹಿಂದಿನ ಪುಟ್ಟ ಪ್ಯಾಡ್ ಉದುರಿರುತ್ತೆ, ಟೇಪ್ ಹೆಡ್‌ಗೆ ಸರಿಯಾಗಿ ಒತ್ತಲ್ಲ. ಐದು ಸ್ಕ್ರೂ ಬಿಚ್ಚಿ ತೆರೆಯಬಹುದಾದ ಬೇರೆ ಕ್ಯಾಸೆಟ್‌ನ ಡಬ್ಬಿಗೆ ಸುರುಳಿ ವರ್ಗಾಯಿಸಿ. ಕಿತ್ತುಹೋದ ಟೇಪಿಗೆ ಮಾತ್ರ ಸೆಲೋಟೇಪ್ ಬೇಡ, ಅದರ ಗೋಂದು ಒಸರಿ ಪಕ್ಕದ ಪದರಕ್ಕೆ ಹಿಡಿಯುತ್ತೆ; ಟೇಪ್ ಜೋಡಿಸೋಕೆಂದೇ ಮಾಡಿದ ಸ್ಪ್ಲೈಸಿಂಗ್ ಟೇಪ್ ಬಳಸಿ.

ಮೂರನೆಯದು ಅಜಿಮತ್, ಅಂದರೆ ಹೆಡ್ಡಿನ ಓರೆ; ಎಲ್ಲರೂ ಬಿಡೋದು ಇದನ್ನೇ. ಟೇಪಿಗೆ ಹಾಡು ರೆಕಾರ್ಡ್ ಮಾಡಿದಾಗ ಆ ಯಂತ್ರದ ಹೆಡ್ ಇದ್ದ ಓರೆಗೂ ನಿಮ್ಮ ಹೆಡ್ಡಿನ ಓರೆಗೂ ಕೂದಲೆಳೆ ವ್ಯತ್ಯಾಸವಿದ್ದರೂ ಗೆಜ್ಜೆ, ತಾಳ, 'ಸ' 'ಶ' ಎಲ್ಲ ಸತ್ತುಹೋಗುತ್ತವೆ. ಹೆಡ್ ಪಕ್ಕ ಸ್ಪ್ರಿಂಗ್ ಇರುವ ಸ್ಕ್ರೂ ಇರುತ್ತೆ. ಮೊದಲಿದ್ದ ಜಾಗಕ್ಕೆ ಗುರುತು ಹಾಕಿ. ಹಾಡು ಓಡುತ್ತಿರುವಾಗಲೇ ಕಾಲು ಸುತ್ತಿಗಿಂತ ಕಮ್ಮಿ ಆಚೀಚೆ ತಿರುಗಿಸಿ, ಗೆಜ್ಜೆ ಅತಿ ಸ್ಪಷ್ಟವಾಗಿ ಕೇಳುವಲ್ಲಿ ನಿಲ್ಲಿಸಿ. ಮೋನೋದಲ್ಲಿ (ಎಡ-ಬಲ ಎರಡೂ ದನಿ ಒಂದಾಗಿಸಿ) ಕೇಳಿದರೆ ಬೇಗ ಗೊತ್ತಾಗುತ್ತೆ. ಪ್ರತಿ ಕ್ಯಾಸೆಟ್‌ಗೂ ಮತ್ತೆ ಮಾಡಬೇಕು.

ಮಲ್ನಾಡ್_ಆಡಿಯೊ: ಕರಕರ ಬರೋದು ಮೈಕ್ ಜಾಕ್‌ನಿಂದ. ಅದು ಸಣ್ಣ ಸಿಗ್ನಲ್‌ಗೆ ಮಾಡಿದ್ದು, ಹೆಚ್ಚಾಗಿ ಮೋನೋ ಕೂಡ. ಲೈನ್-ಇನ್ (ಟೇಪ್‌ರೆಕಾರ್ಡರ್‌ನಂಥವುಗಳ ಜೋರು ಸಿಗ್ನಲ್ ತಗೊಳ್ಳುವ ಜಾಕ್) ಇರುವ ಯುಎಸ್‌ಬಿ ಸೌಂಡ್‌ಕಾರ್ಡ್ ತಗೊಳ್ಳಿ. ಟೇಪ್‌ರೆಕಾರ್ಡರ್‌ನಲ್ಲಿ ಲೈನ್-ಔಟ್ ಜಾಕ್ ಇದ್ದರೆ ಅಲ್ಲಿಂದ ಕೊಡಿ. ಹೆಡ್‌ಫೋನ್ ಜಾಕ್ ಒಂದೇ ಗತಿಯಾದರೆ ವಾಲ್ಯೂಮ್ ಅರ್ಧಕ್ಕೆ ಇಳಿಸಿ.

ಆಡಾಸಿಟಿಯಲ್ಲಿ (ದನಿ ರೆಕಾರ್ಡ್ ಮಾಡಿ ತಿದ್ದುವ ಉಚಿತ ಸಾಫ್ಟ್‌ವೇರ್) 44.1 ಕಿಲೋಹರ್ಟ್ಜ್ ಇಟ್ಟು, ಅತಿ ಜೋರಾದ ಕಡೆಯೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ರೆಕಾರ್ಡ್ ಮಾಡಿ. 16 ಬಿಟ್ ಸ್ಟೀರಿಯೊ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಸಿ-60ಗೆ 600 ಎಂಬಿ. ಆ ಮೂಲ ಹಾಗೇ ಇಟ್ಟು, ಅದರ ನಕಲಿನ ಮೇಲೆ ಮಾತ್ರ ನಾಯ್ಸ್ ರಿಡಕ್ಷನ್ (ಹಿನ್ನೆಲೆ ಸದ್ದು ತಗ್ಗಿಸೋದು) ಮಾಡಿ, 6-8 ಡೆಸಿಬೆಲ್ ಸಾಕು. ಜಾಸ್ತಿ ಎಳೆದರೆ ಮಕ್ಕಳ ದನಿ ನೀರೊಳಗಿಂದ ಬಂದ ಹಾಗಾಗುತ್ತೆ. ಸ್ವಲ್ಪ ಸುಯ್ ಅನ್ನೋ ಸದ್ದು ಉಳಿಯಲಿ ಬಿಡಿ.

ಪುಟಾಣಿಪುಸ್ತಕ: ಯೂಟ್ಯೂಬ್ ವಿಷಯ. ಪದ್ಯದ ಹಕ್ಕು ಬೇರೆ, ರೆಕಾರ್ಡಿಂಗ್‌ನ ಹಕ್ಕು ಬೇರೆ. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ, ರೆಕಾರ್ಡಿಂಗ್‌ಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ, ಅವರ ಪದ್ಯ ಯಾರು ಬೇಕಾದರೂ ಹಾಡಬಹುದು. ಜಿ.ಪಿ. ರಾಜರತ್ನಂ 1979ರಲ್ಲಿ, ಅವರ ಪದ್ಯಗಳ ಹಕ್ಕು 2039ರ ಕೊನೆಯವರೆಗಿದೆ. ಪಂಜೆಯವರ ಪದ್ಯವೇ ಆದರೂ 1985ರ ಕ್ಯಾಸೆಟ್ ಅಂದರೆ ಆ ರೆಕಾರ್ಡಿಂಗ್ 2045ರ ಕೊನೆಯವರೆಗೆ ಕಂಪನಿಯದು. ಮನೆಯಲ್ಲಿ ಕೇಳೋಕೆ ಇಟ್ಟುಕೊಳ್ಳಿ, ಅನುಮತಿ ಇಲ್ಲದೆ ಅಪ್‌ಲೋಡ್ ಬೇಡ. ಕವರ್ ಚೀಟಿಯನ್ನೂ 300 ಡಿಪಿಐಗೆ ಸ್ಕ್ಯಾನ್ ಮಾಡಿ. ಹಾಡಿದವರು, ರಾಗ ಹಾಕಿದವರ ಹೆಸರು ಎಷ್ಟೋ ಸಲ ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗಲ್ಲ.