ಅವರೆ ಬಳ್ಳಿ ಕೀಳಬೇಡ ಪುಟ್ಟಿ

ಪುಟ್ಟಿ, ನಿನ್ನ ಫೋಟೊ ಈಗ ನೋಡಿದೆ. ಏಪ್ರಿಲ್‌ನಲ್ಲಿ ಟೆರೇಸಿನ ಮೇಲೆ ಅವರೆ ಹಾಕಿದ್ದು, ನಾಲ್ಕು ತಿಂಗಳಾದರೂ ಬರೀ ಎಲೆ, ಒಂದು ಹೂವಿಲ್ಲ, ಕಿತ್ತು ಬಿಸಾಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಕಣೇ. ದಮ್ಮಯ್ಯ ಅಂತೀನಿ, ಕೀಳಬೇಡ. ಇದು ಎರಡು ಸಾಲಲ್ಲಿ ಬರೆಯುವ ಮಾತಲ್ಲ, ಅದಕ್ಕೇ ಬಾಯಲ್ಲೇ ಹೇಳುತ್ತಿದ್ದೇನೆ. ಪೂರ್ತಿ ಕೇಳು.

ನಿನ್ನ ಗಿಡಕ್ಕೆ ಏನೂ ಆಗಿಲ್ಲ. ಅದು ನಮ್ಮ ಮಾಗಡಿ ಕಡೆಯ ನಾಟಿ ಕಾಳು, ಸಂಕ್ರಾಂತಿಗೆ ಬಂದಾಗ ನಾನೇ ಕೊಟ್ಟಿದ್ದು. ನಾಟಿ ಅವರೆ ಹಗಲು ಕಮ್ಮಿಯಾಗುವುದನ್ನೇ ಕಾಯುತ್ತದೆ. ರಾತ್ರಿ ಉದ್ದವಾಗುವ ತನಕ ಮೊಗ್ಗು ಕಟ್ಟುವುದಿಲ್ಲ. ಬೆಂಗಳೂರಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ, ಅಷ್ಟೇ. ನಮಗೆ ಗೊತ್ತೂ ಆಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಅದಕ್ಕೇ ಇಲ್ಲಿ ಮುಂಗಾರಿನಲ್ಲಿ ರಾಗಿ ಹೊಲಕ್ಕೆ ಅಕ್ಕಡಿ ಸಾಲಾಗಿ, ಅಂದರೆ ರಾಗಿಯ ನಡುನಡುವೆ ಬೇರೆ ಸಾಲಾಗಿ, ಅವರೆ ಹಾಕುವುದು. ರಾಗಿ ಕೊಯ್ಲಿನ ಹೊತ್ತಿಗೆ ಸಾಲೆಲ್ಲ ಹೂವು. ಆಮೇಲೆ ಇಬ್ಬನಿ ಬೀಳುತ್ತದೆ, ಕಾಯಿಗೆ ಸೊಗಡು ಬರುತ್ತದೆ. ನೀನು ಬೇಗ ಹಾಕಿದ್ದಕ್ಕೆ ಬಳ್ಳಿ ಮೈ ಬೆಳೆಸಿಕೊಂಡಿದೆ, ಬೇರೇನಿಲ್ಲ. ವರ್ಷದ ಯಾವ ತಿಂಗಳಲ್ಲಾದರೂ ಕಾಯಿ ಬೇಕು ಅಂದರೆ ಹೆಬ್ಬಾಳ ಅವರೆ ಇದೆ, ಎಚ್ಎ-4 ಅನ್ನುವ ತಳಿ. ಗಿಡ್ಡ ಗಿಡ, ಹಗಲಿನ ಹಂಗಿಲ್ಲ, ಒಂದೂವರೆ ತಿಂಗಳಿಗೆಲ್ಲ ಹೂ ಬಿಡುತ್ತದೆ. ಕುಂಡಕ್ಕೆ ಒಳ್ಳೆಯದೇ. ಆದರೆ ನನ್ನ ಮೂಗಿಗೆ ನಾಟಿ ಅವರೆಯ ಸೊಗಡೇ ಸೊಗಡು.

ಫೋಟೊದಲ್ಲಿ ಇನ್ನೊಂದು ಕಂಡಿತು. ಬಳ್ಳಿ ಹಬ್ಬಿರುವ ಕಂಬಿ ಪಕ್ಕದಲ್ಲೇ ದೊಡ್ಡ ಬಲ್ಬ್ ಇದೆಯಲ್ಲ, ಅದು ರಾತ್ರಿಯೆಲ್ಲ ಉರಿಯುತ್ತದಾ? ಹಾಗಿದ್ದರೆ ಸೆಪ್ಟೆಂಬರ್‌ನಿಂದ ಸಂಜೆಯೇ ಆರಿಸಿಬಿಡು. ಬೆಳಕು ಬೀಳುತ್ತಲೇ ಇದ್ದರೆ ಆ ಗಿಡಕ್ಕೆ ರಾತ್ರಿ ಅನ್ನುವುದೇ ಆಗುವುದಿಲ್ಲ, ಹೂವು ಇನ್ನೂ ತಡವಾಗುತ್ತದೆ. ಈಗ ಬಳ್ಳಿಯ ತುದಿ ಚಿವುಟು, ಪಕ್ಕದ ಕವಲು ಬರಲಿ. ಗೊಬ್ಬರ ಜಾಸ್ತಿ ಹಾಕಬೇಡ, ಎಲೆಯೇ ಸೊಕ್ಕುತ್ತದೆ. ಹೂಗೊಂಚಲು ಎದ್ದ ಮೇಲೆ ರಸ ಹೀರುವ ಕರಿ ಹೇನು ಬರುತ್ತದೆ. ಇರುವೆ ಸಾಲು ಬಳ್ಳಿ ಹತ್ತುತ್ತಿದ್ದರೆ ಹೇನು ಬಂತು ಅಂತಲೇ ತಿಳಿ. ನೀರು ರಭಸವಾಗಿ ಹೊಡೆದು ತೊಳೆ. ನಾನು ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಒಲೆ ಬೂದಿ ಎರಚುತ್ತೇನೆ.

ಇನ್ನು ಒಣ ಕಾಳಿನ ವಿಷಯ. ನಾಲ್ಕು ಕುಂಡದಿಂದ ವರ್ಷಕ್ಕಾಗುವಷ್ಟು ಸಿಗುವುದಿಲ್ಲ ಪುಟ್ಟಿ. ನಾಲ್ಕೈದು ಸಲದ ಸಾರಿಗೂ ಮುಂದಿನ ಬಿತ್ತನೆಗೂ ಆದೀತು. ಮೇಲಿನ ಕಾಯಿ ಹಸಿಯಾಗೇ ಕಿತ್ತು ಉಪ್ಪಿಟ್ಟಿಗೆ, ಹಿತಕಿದ ಬೇಳೆಗೆ ಹಾಕು. ಕೆಳಗಿನ ತುಂಬಿದ ಗೊಂಚಲು ಮುಟ್ಟಲೇಬೇಡ, ಬಳ್ಳಿಯಲ್ಲೇ ಒಣಗಲಿ. ಆಸೆಗೆ ಹಸಿರಿರುವಾಗಲೇ ಕಿತ್ತು ಒಣಗಿಸಿದರೆ ಕಾಳು ಮುದುರಿಕೊಳ್ಳುತ್ತದೆ. ಸಿಪ್ಪೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಬಿಸಿಲೇರಿದ ಮೇಲೆ ಕೀಳು. ಬಿಡಿಸಿ ಮೂರು ನಾಲ್ಕು ದಿನ ಬಟ್ಟೆ ಮೇಲೆ ಹರಡು, ಸಂಜೆ ಒಳಗೆ ತಾ. ಒಂದು ಕಾಳು ತಗೊಂಡು, ಆ ಬಿಳಿ ಗೆರೆ ಇರುತ್ತದಲ್ಲ, ಅದರ ಪಕ್ಕಕ್ಕೆ ಹಲ್ಲಿಟ್ಟು ಕಚ್ಚು. ಹಲ್ಲಿನ ಗುರುತು ಬಿದ್ದರೆ ಇನ್ನೂ ಹಸಿ. ಕಟ್ ಅಂದರೆ ಆಯಿತು.

ಮೂರು ವರ್ಷದ ಹಿಂದೆ ನಾನು ಚೆನ್ನಾಗಿ ಒಣಗಿದೆ ಅಂದುಕೊಂಡು ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ಯುಗಾದಿ ಕಳೆದು ತೆಗೆದರೆ ಪ್ರತಿ ಕಾಳಿಗೂ ಗುಂಡುಸೂಜಿ ತಲೆಯಷ್ಟು ದುಂಡನೆ ತೂತು, ತಳದಲ್ಲಿ ಹಿಟ್ಟು. ಅತ್ತುಬಿಟ್ಟಿದ್ದೆ. ಹುಳ ಡಬ್ಬಿಗೆ ಆಮೇಲೇ ಬರಬೇಕು ಅಂತಿಲ್ಲ, ಎಷ್ಟೋ ಸಲ ಗಿಡದಲ್ಲಿರುವಾಗಲೇ ಕಾಯಿ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಅಡುಗೆಯ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಫ್ರೀಜರಿನಲ್ಲಿಡು. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯಬೇಡ, ತಣ್ಣಗಿರುವ ಕಾಳು ಬೆವರುತ್ತದೆ. ಬೀಜದ ಕಾಳಿಗೆ ನಿಮ್ಮಜ್ಜಿ ಮಾಡುತ್ತಿದ್ದ ಹಾಗೆ ಕೆಮ್ಮಣ್ಣು ಕಟ್ಟೋಣ. ಮಣ್ಣನ್ನು ನೀರಲ್ಲಿ ಕದಡಿ, ಕಾಳಿಗೆ ಮೆತ್ತುವ ಹಾಗೆ ಕಲಸಿ, ಬಿಸಿಲಿಗೆ ಹಾಕಿ ಮಡಕೆಗೆ ತುಂಬುತ್ತಿದ್ದರು. ಅಮಾವಾಸ್ಯೆ ದಿನ ನೋಡಿಯೇ ಒಣಗಿಸುತ್ತಿದ್ದರು. ಕೆಂಪಗೆ ಬೆರಳಿಗೆ ಅಂಟುತ್ತಿದ್ದ ಆ ಮಣ್ಣಿನ ವಾಸನೆ ನನಗೆ ಇವತ್ತಿಗೂ ಇಷ್ಟ.

ಒಣ ಅವರೆಯನ್ನು ರಾತ್ರಿಯೇ ನೆನೆಹಾಕು, ನೆನೆಸಿದ ನೀರು ಚೆಲ್ಲಿ ಬೇರೆ ನೀರಲ್ಲಿ ಬೇಯಿಸು. ಅರೆಬೆಂದ ಕಾಳು ಮಕ್ಕಳಿಗೆ ಕೊಡಬೇಡ, ಬೆರಳಲ್ಲಿ ಒತ್ತಿದರೆ ಬೆಣ್ಣೆ ಥರ ಆಗಬೇಕು. ಬದನೆಕಾಯಿ ಹಾಕಿ ಸಾರು ಮಾಡಿ ಬಿಸಿ ಮುದ್ದೆ ಜೊತೆ ಬಡಿಸು.

ಮೊದಲ ಮೊಗ್ಗು ಕಂಡ ದಿನ ಇಲ್ಲೇ ಫೋಟೊ ಹಾಕು. ಕಾಯಿ ಒಣಗುವ ಹೊತ್ತಿಗೆ ನಾನೇ ಒಂದು ಚೀಲ ಕೆಮ್ಮಣ್ಣು ತಗೊಂಡು ಬಸ್ಸಿಗೆ ಬರುತ್ತೇನೆ.