ದೋಣಿ ಹಿಂದೆ ಕಟ್ಟುವ ಹಳೇ ಔಟ್‌ಬೋರ್ಡ್ ಎಂಜಿನ್ ತಗೊಳ್ಳುವ ಮೊದಲು ಏನೇನು ನೋಡಬೇಕು?

ಗಂಗೊಳ್ಳಿ ದೋಣಿ
ನಮ್ಮ ನಾಡದೋಣಿಗೆ 9.9 ಎಚ್‌ಪಿ ಎಂಜಿನ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿದೆ. ಸೀಮೆಎಣ್ಣೆಯದು, ಆರು ವರ್ಷ ಹಳೇದು. ಮೊನ್ನೆ ಹೋಗಿ ನೋಡಿದೆ, ಹಗ್ಗ ಒಂದೇ ಸಲ ಎಳೆದಿದ್ದಕ್ಕೆ ಸ್ಟಾರ್ಟ್ ಆಯಿತು, ಬಣ್ಣವೂ ಹೊಸದು. ಆದರೂ ಅಪ್ಪ ಬೇಡ ಅನ್ನುತ್ತಿದ್ದಾರೆ. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ಕ್ಕೆ ಟ್ರಾಲರುಗಳು ದಡ ಸೇರುತ್ತವೆ, ಆಮೇಲೆ ಎರಡು ತಿಂಗಳು 10 ಎಚ್‌ಪಿ ಒಳಗಿನ ನಮ್ಮಂಥವರದ್ದೇ ಕಾಲ. ಅಷ್ಟರೊಳಗೆ ಎಂಜಿನ್ ಬೇಕು. ಏನು ನೋಡಲಿ?

ಹಳೇ ಮೆಕ್ಯಾನಿಕ್
ನೀವು ಹೋದಾಗ ಎಂಜಿನ್ ಮುಟ್ಟಿ ನೋಡಿದ್ರಾ? ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿ ಇಟ್ಟಿದ್ದಾರೆ ಅಂತ ಲೆಕ್ಕ. ಬಿಸಿ ಎಂಜಿನ್ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುವುದು ದೊಡ್ಡದೇನಲ್ಲ. ಹೇಳದೆ ಬೆಳಿಗ್ಗೆ ಹೋಗಿ. ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಗೇರ್ ಆಯಿಲ್ ಸ್ಕ್ರೂ ಸ್ವಲ್ಪ ಸಡಿಲ ಮಾಡಿಸಿ. ರಾತ್ರಿಯಿಡೀ ನಿಂತ ಎಂಜಿನ್ ಆದರೆ ಒಳಗೆ ಹೋದ ನೀರು ತಳದಲ್ಲಿ ನಿಂತಿರುತ್ತದೆ, ಮೊದಲು ಅದೇ ಹನಿಯುತ್ತದೆ. ಎಣ್ಣೆ ಹಾಲು ಹಾಕಿದ ಚಾ ಥರ ಬಂದರೆ ನೀರು ಒಳಗೆ ಬಾರದ ಹಾಗೆ ತಡೆಯುವ ಸೀಲ್ ಹೋಗಿದೆ. ಹೆಚ್ಚಾಗಿ ಫ್ಯಾನ್ (ಪ್ರೊಪೆಲರ್) ಹಿಂದೆ ತಂಗೂಸು, ಅಂದರೆ ನೈಲಾನ್ ದಾರ, ಸುತ್ತಿಕೊಂಡು ಸೀಲ್ ಕತ್ತರಿಸಿರುತ್ತದೆ. ಸೀಲ್ ಬದಲಿಸಿದರೆ ಸಾಕು, ಅದಕ್ಕೆಲ್ಲ ಹೆದರಬೇಡಿ. ಆದರೆ ಎಣ್ಣೆಯಲ್ಲಿ ಕಬ್ಬಿಣದ ಚೂರು ಕಂಡರೆ ಮಾತಾಡದೆ ವಾಪಸ್ ಬನ್ನಿ.

ಹೊನ್ನಾವರದವ
ಹೊಸ ಬಣ್ಣ ಅಂದ್ರಲ್ಲ, ನನಗೆ ಅಲ್ಲೇ ಡೌಟು. ನಾನೂ ಹಾಗೇ ಮೋಸ ಹೋದವನು ಮಾರಾಯ್ರೆ. ಕವರ್ ತೆಗೆದು ನೋಡಲಿಲ್ಲ, ಥಳಥಳ ಅಂತಿತ್ತು, ತಂದೆ. ಮೂರನೇ ದಿನ ನಡು ನೀರಲ್ಲಿ ಬೇರಿಂಗ್ ಹೋಯಿತು, ಹುಟ್ಟು ಹಾಕಿಕೊಂಡು ದಡಕ್ಕೆ ಬಂದೆವು. ಬಿಚ್ಚಿದಾಗ ಗೊತ್ತಾಯಿತು, ಅದು ಒಮ್ಮೆ ಸಮುದ್ರದಲ್ಲಿ ಮುಳುಗಿ ಎತ್ತಿದ ಎಂಜಿನ್. ಎಂಜಿನ್ ಮೇಲಿನ ದೊಡ್ಡ ಚಕ್ರ ಇದೆಯಲ್ಲ, ಆ ಫ್ಲೈವೀಲ್ ಕೆಳಗೆ, ವಯರ್ ತುದಿಯಲ್ಲೆಲ್ಲ ಉಪ್ಪಿನ ಬಿಳಿ ಪುಡಿ. ನೀವು ಅಲ್ಲೇ ಟಾರ್ಚ್ ಹಾಕಿ ನೋಡಿ. ಬಣ್ಣ ಹೊಡೆಯುವವನ ಕೈ ಅಲ್ಲಿಗೆ ಹೋಗಲ್ಲ.

ಹಳೇ ಮೆಕ್ಯಾನಿಕ್
ಸರಿಯಾಗಿ ಹೇಳಿದ್ರಿ. ಇನ್ನೊಂದು. ಸೀಮೆಎಣ್ಣೆ ಎಂಜಿನ್ ಸ್ಟಾರ್ಟ್ ಆಗುವುದು ಪೆಟ್ರೋಲಲ್ಲಿ, ತೋರಿಸುವಾಗ ಪೆಟ್ರೋಲಲ್ಲೇ ಓಡಿಸಿ ಆಫ್ ಮಾಡಿಬಿಡುತ್ತಾರೆ. ಬಿಸಿ ಆದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಅಂತ ನೀವೇ ಹೇಳಿ, ಡ್ರಮ್ಮಲ್ಲಿ ಬೇಡ, ದೋಣಿಗೆ ಕಟ್ಟಿ ಅರ್ಧ ಗಂಟೆ ಫುಲ್ ಥ್ರಾಟಲಲ್ಲಿ ಓಡಿಸಿ, ಆಗ ಅದರ ಬಂಡವಾಳ ಹೊರಗೆ ಬರುತ್ತದೆ. ಎಂಜಿನ್ ತಂಪು ಮಾಡಿ ಹಿಂದೆ ಉಚ್ಚೆ ಹೊಯ್ದ ಹಾಗೆ ಬೀಳುವ ನೀರು ಒಂದೇ ಸಮ ಬರಬೇಕು. ದಡಕ್ಕೆ ಬಂದ ಮೇಲೆ ಎರಡೂ ಪ್ಲಗ್ ಬಿಚ್ಚಿ ಕಂಪ್ರೆಶನ್ (ಸಿಲಿಂಡರಿನ ಒಳಗಿನ ಒತ್ತಡ) ಅಳೆಯುವ ಗೇಜ್ ಹಾಕಿಸಿ. ಎರಡು ಸಿಲಿಂಡರಿನ ಕಂಪ್ರೆಶನ್ನಿಗೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಪಿಸ್ಟನ್, ರಿಂಗಿನ ಖರ್ಚು ಕಾದಿದೆ ಅಂತ.

ಗಂಗೊಳ್ಳಿ ದೋಣಿ
ಇವತ್ತು ಆರು ಗಂಟೆಗೇ ಅಪ್ಪನನ್ನೂ ಕರೆದುಕೊಂಡು ಹೋದೆ. ತಣ್ಣಗಿದ್ದಾಗ ಒಂಬತ್ತು ಸಲ ಎಳೆಯಬೇಕಾಯಿತು. ಗೇರ್ ಆಯಿಲ್ ಥೇಟ್ ಚಾ. ಕಂಪ್ರೆಶನ್ ಮಾತ್ರ ಎರಡೂ ಹೆಚ್ಚುಕಡಿಮೆ ಸಮ, ಫ್ಲೈವೀಲ್ ಕೆಳಗೂ ಉಪ್ಪಿಲ್ಲ. ಎಂಟು ಸಾವಿರ ಇಳಿಸಿ ಅಂದೆ, ಅವರು ಐದಕ್ಕೆ ನಿಂತಿದ್ದಾರೆ. ಅಪ್ಪ ಈಗ ಎಂಜಿನ್ ಬಿಟ್ಟು ಅವರ ಬಲೆಯ ರೇಟ್ ಕೇಳುತ್ತಿದ್ದಾರೆ.